ನಲ್: ಡೇಟಾಬೇಸಿನಿಂದ ಅಪ್ಲಿಕೇಶನ್ ಕೋಡಿನವರೆಗೆ

ಸಂಬಂಧಾತ್ಮಕ ಡೇಟಾಬೇಸಿನ ಟೇಬಲ್ಲಿನಲ್ಲಿ ಒಂದು ಸಾಲಿನ ಒಂದು ಕಾಲಂ ತುಂಬಿಲ್ಲ ಎಂದು ತಿಳಿಸುವ ಗುರುತು ನಲ್. ಅದು ಸೊನ್ನೆಯಲ್ಲ, ಖಾಲಿ ಪಠ್ಯವಲ್ಲ, ‘ಸುಳ್ಳು’ ಎಂಬ ತಾರ್ಕಿಕ ಬೆಲೆಯೂ ಅಲ್ಲ. ಮಳೆಮಾಪಕಗಳ ದಿನವಹಿ ಲೆಕ್ಕ ಇಡುವ ಟೇಬಲ್ಲೊಂದನ್ನು ತೆಗೆದುಕೊಳ್ಳೋಣ. ಒಂದು ಊರಿನ ಹೆಸರಿನ ಮುಂದೆ 0 ಮಿಲಿಮೀಟರ್ ಎಂದಿದ್ದರೆ ಮಾಪಕ ಸರಿಯಾಗಿತ್ತು, ಮಳೆ ಬರಲಿಲ್ಲ ಎಂದರ್ಥ. ಅಲ್ಲಿ ನಲ್ ಇದ್ದರೆ ಮಳೆ ಬಂತೋ ಇಲ್ಲವೋ ಹೇಳುವುದಕ್ಕೆ ಆಧಾರವೇ ಇಲ್ಲ. ಬ್ಯಾಟರಿ ಮುಗಿದಿರಬಹುದು, ಸಿಗ್ನಲ್ ಸಿಗದಿರಬಹುದು, ಕೊಳವೆಗೆ ಎಲೆ ಕಟ್ಟಿಕೊಂಡಿರಬಹುದು. 30 ದಿನಗಳ ತಿಂಗಳಲ್ಲಿ 20 ದಿನದ ಅಳತೆ ಮಾತ್ರ ಬಂದು, ಆ ದಿನಗಳ ಮಳೆ ಒಟ್ಟು 600 ಮಿಲಿಮೀಟರ್ ಆಗಿದ್ದರೆ ಅಳೆದ ದಿನಗಳ ಸರಾಸರಿ 30. ಉಳಿದ 10 ದಿನಗಳ ನಲ್ ಅನ್ನು ನಡುವಿನ ಯಾವುದೋ ಕೋಡ್ ಸದ್ದಿಲ್ಲದೆ ಸೊನ್ನೆಯಾಗಿಸಿದರೆ ಸರಾಸರಿ 20ಕ್ಕೆ ಇಳಿಯುತ್ತದೆ. ಪ್ರೋಗ್ರಾಂ ಎಲ್ಲಿಯೂ ನಿಲ್ಲುವುದಿಲ್ಲ, ಎಚ್ಚರಿಕೆಯ ಸಂದೇಶ ಬರುವುದಿಲ್ಲ, ವರದಿ ಅಂದವಾಗಿಯೇ ಮುದ್ರಣವಾಗುತ್ತದೆ. ನಲ್ ಕುರಿತ ಬಹುಪಾಲು ಬೋಧನೆ ಪ್ರೋಗ್ರಾಂ ಬೀಳದಂತೆ ನೋಡಿಕೊಳ್ಳುವುದು ಹೇಗೆ ಎಂಬುದರ ಸುತ್ತಲೇ ಸುತ್ತುತ್ತದೆ. ಆದರೆ ಬಿದ್ದ ಪ್ರೋಗ್ರಾಂ ಕಣ್ಣಿಗೆ ಕಾಣುತ್ತದೆ, ಯಾರಾದರೂ ಎತ್ತಿ ನಿಲ್ಲಿಸುತ್ತಾರೆ. ಬೀಳದೆ ತಪ್ಪು ಲೆಕ್ಕ ಕೊಡುವ ಪ್ರೋಗ್ರಾಂ ವರ್ಷಗಟ್ಟಲೆ ಓಡುತ್ತದೆ. ಆದ್ದರಿಂದ ನಲ್ ಅನ್ನು ಸುರಕ್ಷಿತವಾಗಿ ನಿಭಾಯಿಸುವುದೆಂದರೆ, ಅರ್ಥ ಗೊತ್ತಿಲ್ಲದ ಕೋಡಿನ ಕೈಯಲ್ಲಿ ಅದು ಬೇರೇನೋ ಆಗಿಬಿಡದಂತೆ ತಡೆಯುವುದು. ಅದನ್ನು ಏನು ಮಾಡಬೇಕೆಂಬ ತೀರ್ಮಾನವನ್ನು ಆ ಮಾಹಿತಿಯ ಅರ್ಥ ಬಲ್ಲ ಜಾಗದಲ್ಲಿ, ಒಂದೇ ಸಲ, ಎದ್ದುಕಾಣುವಂತೆ ತೆಗೆದುಕೊಳ್ಳುವುದು.

ಸಂಬಂಧಾತ್ಮಕ ಮಾದರಿಯನ್ನು ಐಬಿಎಂ ಸಂಸ್ಥೆಯ ಎಡ್ಗರ್ ಎಫ್. ಕಾಡ್ 1970ರಲ್ಲಿ ಮಂಡಿಸಿದಾಗ ನಲ್ ಅದರ ಭಾಗವಾಗಿರಲಿಲ್ಲ. 1979ರ ಪ್ರಬಂಧವೊಂದರಲ್ಲಿ ಅವರು ಅದನ್ನು ಮೂರು ಬೆಲೆಗಳ ತರ್ಕದ ಜೊತೆಗೆ ವಿವರಿಸಿದರು. 1985ರಲ್ಲಿ ಕಂಪ್ಯೂಟರ್‌ವರ್ಲ್ಡ್ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಹೆಸರಾಂತ 12 ನಿಯಮಗಳಲ್ಲಿ ಮೂರನೆಯದು, ಇಲ್ಲದ ಮಾಹಿತಿಯನ್ನು ಸೊನ್ನೆಯಿಂದಲೂ ಖಾಲಿ ಪಠ್ಯದಿಂದಲೂ ಬೇರೆಯಾಗಿ, ಎಲ್ಲ ಬಗೆಯ ದತ್ತಾಂಶಕ್ಕೂ ಒಂದೇ ಕ್ರಮದಲ್ಲಿ ನಿರೂಪಿಸಬೇಕು ಎನ್ನುತ್ತದೆ. ಒಂದೇ ಗುರುತು ಸಾಲದು ಎಂದು ಅವರಿಗೇ ಆಮೇಲೆ ಅನ್ನಿಸಿತು. 1990ರ ತಮ್ಮ ಪುಸ್ತಕದಲ್ಲಿ ‘ಅನ್ವಯವಾಗುತ್ತದೆ, ಆದರೆ ಗೊತ್ತಿಲ್ಲ’ ಮತ್ತು ‘ಅನ್ವಯವೇ ಆಗುವುದಿಲ್ಲ’ ಎಂಬ ಎರಡು ಗುರುತುಗಳನ್ನೂ ನಾಲ್ಕು ಬೆಲೆಗಳ ತರ್ಕವನ್ನೂ ಸೂಚಿಸಿದರು. ಅಷ್ಟರಲ್ಲಿ ಎಸ್‌ಕ್ಯೂಎಲ್ 1986ರಲ್ಲಿ ಅಮೆರಿಕದ ಮಾನಕವೂ ಮರುವರ್ಷ ಅಂತರರಾಷ್ಟ್ರೀಯ ಮಾನಕವೂ ಆಗಿಹೋಗಿತ್ತು, ಅದರಲ್ಲಿ ಇದ್ದದ್ದು ಒಂದೇ ನಲ್. ಅದಕ್ಕೂ ಮೊದಲೇ, 1975ರಲ್ಲಿ, ಅಮೆರಿಕದ ಮಾನಕ ಸಂಸ್ಥೆಯ ಸ್ಪಾರ್ಕ್ ಅಧ್ಯಯನ ತಂಡ ತನ್ನ ಮಧ್ಯಂತರ ವರದಿಯಲ್ಲಿ ಮಾಹಿತಿ ಇಲ್ಲದಿರುವುದರ 14 ಬಗೆಗಳನ್ನು ಪಟ್ಟಿಮಾಡಿತ್ತು. ನಮ್ಮಲ್ಲಿ ನ್ಯಾಯ-ವೈಶೇಷಿಕ ದರ್ಶನಕಾರರು ಅಭಾವವನ್ನೂ ಒಂದು ಪದಾರ್ಥವೆಂದು ಒಪ್ಪಿ ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ ಎಂದು ವಿಂಗಡಿಸಿದ್ದರು. ಇನ್ನೂ ತಲುಪದ ಪಾರ್ಸೆಲ್ಲಿನ ವಿತರಣಾ ದಿನಾಂಕ ಮೊದಲನೆಯದಕ್ಕೆ, ಗ್ರಾಹಕರು ಅಳಿಸಿಹಾಕಿದ ವಿಳಾಸ ಎರಡನೆಯದಕ್ಕೆ, ಅವಿವಾಹಿತರ ಸಂಗಾತಿಯ ಹೆಸರು ಮೂರನೆಯದಕ್ಕೆ ಸುಮಾರಾಗಿ ಹೊಂದುತ್ತವೆ. ಆದರೆ ಡೇಟಾಬೇಸಿನವರನ್ನು ಹೆಚ್ಚು ಕಾಡುವ ಬಗೆ ಆ ವಿಂಗಡಣೆಯಲ್ಲಿ ಇಲ್ಲ: ವಸ್ತು ಇದೆ, ಅದರ ಅರಿವು ಮಾತ್ರ ಇಲ್ಲ. ಇಷ್ಟೆಲ್ಲ ಸಂಗತಿಗಳು ಒಂದೇ ಗುರುತಿನಡಿ ಬಂದು ಕೂತಿರುವುದರಿಂದ, ಒಂದು ನಿರ್ದಿಷ್ಟ ಕಾಲಂನ ನಲ್ ಏನು ಹೇಳುತ್ತಿದೆ ಎಂಬುದು ಡೇಟಾಬೇಸ್ ಎಂಜಿನ್‌ಗೆ ತಿಳಿಯಲಾರದು. ಡೇಟಾಬೇಸಿಗೂ ಅಪ್ಲಿಕೇಶನ್ನಿಗೂ ನಡುವೆ ಮಾಹಿತಿ ಸಾಗಿಸುವ ಡ್ರೈವರ್‌ಗೆ ಮೊದಲೇ ತಿಳಿಯದು. ಆ ಟೇಬಲ್ಲನ್ನು ಕಟ್ಟಿದ, ಬಳಸುವ ಜನರಿಗಷ್ಟೇ ಗೊತ್ತಿರುವ ವಿಷಯ ಅದು.

ಎಸ್‌ಕ್ಯೂಎಲ್‌ನಲ್ಲಿ ನಲ್ ಜೊತೆ ಸಾಮಾನ್ಯ ಹೋಲಿಕೆ ಮಾಡಿದರೆ ಬರುವ ಉತ್ತರ ನಿಜವೂ ಅಲ್ಲ, ಸುಳ್ಳೂ ಅಲ್ಲ, ‘ಅಜ್ಞಾತ’. ನಲ್ ಇನ್ನೊಂದು ನಲ್‌ಗೆ ಸಮವೇ ಎಂದು ಕೇಳಿದರೂ ಉತ್ತರ ಅದೇ, ಏಕೆಂದರೆ ಗೊತ್ತಿಲ್ಲದ ಎರಡು ಸಂಗತಿಗಳು ಒಂದೇ ಎನ್ನಲು ಆಧಾರವಿಲ್ಲ. ಅಜ್ಞಾತದ ನಿಷೇಧವೂ ಅಜ್ಞಾತ. ಅಜ್ಞಾತ ಮತ್ತು ಸುಳ್ಳು ಸೇರಿದರೆ ಸುಳ್ಳು. ಅಜ್ಞಾತ ಅಥವಾ ನಿಜ ಎಂದರೆ ನಿಜ. ಉಳಿದ ಜೋಡಿಗಳಲ್ಲಿ ಅಜ್ಞಾತವೇ ಉಳಿಯುತ್ತದೆ. ನಿಯಮಗಳು ಇಷ್ಟೇ ಆದರೂ ಅವುಗಳ ಪರಿಣಾಮ ಅನುಭವಸ್ಥರನ್ನೂ ಎಡವಿಸುತ್ತದೆ. ದುರಸ್ತಿಯಲ್ಲಿರುವ ಮಾಪಕಗಳ ಪಟ್ಟಿಯಲ್ಲಿ ‘ಇಲ್ಲದ’ ಮಾಪಕಗಳನ್ನು ಕೊಡು ಎಂದು ನಾಟ್ ಇನ್ ಬಳಸಿ ಕೇಳಿದಾಗ, ಆ ಪಟ್ಟಿಯಲ್ಲಿ 3, 7 ಮತ್ತು ಒಂದು ನಲ್ ಇದ್ದರೆ ಒಂದೂ ಸಾಲು ಬರುವುದಿಲ್ಲ. ಐದನೆಯ ಮಾಪಕ 3 ಅಲ್ಲ, 7 ಅಲ್ಲ, ಆದರೆ ಆ ಗೊತ್ತಿಲ್ಲದ ಸಂಖ್ಯೆಯೂ ಅಲ್ಲ ಎಂದು ಖಾತರಿಯಾಗಿ ಹೇಳಲಾಗದು. ಹೀಗೆ ಪ್ರತಿ ಸಾಲಿಗೂ ಉತ್ತರ ಸುಳ್ಳು ಇಲ್ಲವೇ ಅಜ್ಞಾತ. ವೇರ್ ಷರತ್ತು ನಿಜವಾದ ಸಾಲುಗಳನ್ನಷ್ಟೇ ಒಳಗೆ ಬಿಡುತ್ತದೆ. ವಿಚಿತ್ರವೆಂದರೆ ಚೆಕ್ ನಿರ್ಬಂಧ ಇದಕ್ಕೆ ತದ್ವಿರುದ್ಧ: ಅದು ಸುಳ್ಳಾದುದನ್ನಷ್ಟೇ ಹೊರಗಿಡುತ್ತದೆ, ಅಜ್ಞಾತವನ್ನು ಒಳಗೆ ಬಿಡುತ್ತದೆ. ವಯಸ್ಸು 18ಕ್ಕಿಂತ ಕಡಿಮೆಯಿರಬಾರದು ಎಂಬ ಚೆಕ್ ಇದ್ದರೂ ವಯಸ್ಸೇ ಇಲ್ಲದ ಸಾಲು ಟೇಬಲ್ಲಿಗೆ ನುಗ್ಗಬಲ್ಲದು. ಅದೇ ಷರತ್ತನ್ನು ವೇರ್‌ನಲ್ಲಿಟ್ಟು ಹುಡುಕಿದರೆ ಆ ಸಾಲು ಕಾಣುವುದಿಲ್ಲ. ಕಾವಲುಗಾರ ಒಳಗೆ ಬಿಟ್ಟವರನ್ನು ಹಾಜರಿ ಪುಸ್ತಕ ಲೆಕ್ಕಕ್ಕೆ ಹಿಡಿಯದಂತೆ ಇದು.

ಎಸ್‌ಕ್ಯೂಎಲ್ ಈ ತರ್ಕಕ್ಕೆ ಕೊನೆಯವರೆಗೂ ಅಂಟಿಕೊಂಡಿದ್ದರೆ ಕಲಿಯುವುದಾದರೂ ಸುಲಭವಿತ್ತು. ಗ್ರೂಪ್ ಬೈ ಮತ್ತು ಡಿಸ್ಟಿಂಕ್ಟ್ ಎಲ್ಲ ನಲ್‌ಗಳನ್ನು ಒಂದೇ ಗುಂಪಿಗೆ ಹಾಕುತ್ತವೆ, ಅಂದರೆ ಅಲ್ಲಿ ಮಾತ್ರ ಅವು ಸಮ. ಒಂದು ಕಾಲಂನ ಕೌಂಟ್ ನಲ್‌ಗಳನ್ನು ಬಿಟ್ಟು ಎಣಿಸುತ್ತದೆ, ನಕ್ಷತ್ರ ಹಾಕಿದ ಕೌಂಟ್ ಎಲ್ಲ ಸಾಲುಗಳನ್ನೂ ಎಣಿಸುತ್ತದೆ. ಒಂದೂ ಸಾಲು ಇಲ್ಲದಿದ್ದಾಗ ಕೌಂಟ್ ಸೊನ್ನೆ ಕೊಟ್ಟರೆ ಸಮ್ ನಲ್ ಕೊಡುತ್ತದೆ, ಹೀಗಾಗಿ ಖರೀದಿಯೇ ಮಾಡದ ಗ್ರಾಹಕರ ಒಟ್ಟು ಮೊತ್ತ ಕೇಳಿದ ಅಪ್ಲಿಕೇಶನ್ ಕೈಗೆ, ಯಾವ ಕಾಲಂನಲ್ಲೂ ನಲ್ ಇಲ್ಲದಿದ್ದರೂ, ನಲ್ ಬರುತ್ತದೆ. ವಿಂಗಡಣೆಯಲ್ಲಿ ಪೋಸ್ಟ್‌ಗ್ರೆಸ್ ಮತ್ತು ಒರಾಕಲ್ ಏರಿಕೆಯ ಕ್ರಮದಲ್ಲಿ ನಲ್ ಅನ್ನು ಕೊನೆಗೆ ಇಡುತ್ತವೆ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್‌ಲೈಟ್, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಮೊದಲಿಗೆ ಇಡುತ್ತವೆ. ಯೂನಿಕ್ ನಿರ್ಬಂಧವಿರುವ ಕಾಲಂನಲ್ಲಿ ಎಸ್‌ಕ್ಯೂಎಲ್ ಸರ್ವರ್ ಒಂದೇ ನಲ್‌ಗೆ ಅವಕಾಶ ಕೊಟ್ಟರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಷ್ಟು ಬೇಕಾದರೂ ಬಿಡುತ್ತವೆ. ಇದನ್ನು ಆಯ್ದುಕೊಳ್ಳುವ ಸೌಲಭ್ಯ ಪೋಸ್ಟ್‌ಗ್ರೆಸ್‌ಗೆ 2022ರ 15ನೇ ಆವೃತ್ತಿಯಲ್ಲಿ ಬಂತು, ಮಾನಕಕ್ಕೆ 2023ರಲ್ಲಿ. ಒರಾಕಲ್ ಅಂತೂ ಖಾಲಿ ಪಠ್ಯವನ್ನೇ ನಲ್ ಎಂದು ಪರಿಗಣಿಸುತ್ತದೆ. ಅಲ್ಲಿಂದ ಬೇರೆ ಡೇಟಾಬೇಸಿಗೆ ವಲಸೆ ಹೋಗುವ ತಂಡಗಳು ಮೊದಲು ಪಟ್ಟಿಮಾಡಬೇಕಾದ ಅಡಚಣೆ ಇದು. ಅಪ್ಲಿಕೇಶನ್ ಬರೆಯುವವರಿಗೆ ಇದೆಲ್ಲ ಡೇಟಾಬೇಸ್ ಆಡಳಿತಗಾರರ ತಲೆನೋವು ಎನ್ನಿಸಬಹುದು. ಹಾಗಲ್ಲ. ಪುಟಪುಟವಾಗಿ ಫಲಿತಾಂಶ ತೋರಿಸುವ ಕೋಡ್ ‘ಹಿಂದಿನ ಪುಟದ ಕೊನೆಯ ದಿನಾಂಕಕ್ಕಿಂತ ದೊಡ್ಡದು’ ಎಂದು ಮುಂದಿನ ಪುಟ ಕೇಳಿದಾಗ ದಿನಾಂಕವಿಲ್ಲದ ಸಾಲುಗಳು ಮುಂದಿನ ಯಾವ ಪುಟದಲ್ಲೂ ಕಾಣದೆ ಹೋಗುತ್ತವೆ.

ಅಪ್ಲಿಕೇಶನ್ ಭಾಷೆಗಳಲ್ಲಿರುವ ನಲ್‌ನ ವಂಶವೃಕ್ಷ ಬೇರೆ. ಬ್ರಿಟನ್ನಿನ ಟೋನಿ ಹೋರ್ 1965ರಲ್ಲಿ ಅಲ್ಗಾಲ್ ಡಬ್ಲ್ಯೂ ಭಾಷೆಯನ್ನು ರೂಪಿಸುವಾಗ, ಯಾವ ವಸ್ತುವನ್ನೂ ತೋರಿಸದ ನಲ್ ಉಲ್ಲೇಖವನ್ನು ಅದರಲ್ಲಿ ಸೇರಿಸಿದರು. ಅಳವಡಿಸಲು ಸುಲಭವಾಗಿತ್ತು ಎಂಬುದೇ ಕಾರಣ. 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಅವರು ಅದನ್ನು ತಮ್ಮ ಶತಕೋಟಿ ಡಾಲರ್ ತಪ್ಪು ಎಂದು ಕರೆದುಕೊಂಡರು. ಸಿ, ಜಾವಾ, ಸಿ ಶಾರ್ಪ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಇರುವುದು ಈ ಸಂತತಿಯ ನಲ್. ಅದರ ತರ್ಕ ಎರಡೇ ಬೆಲೆಯದು: ನಲ್ ನಲ್‌ಗೆ ಸಮ, ನಿಸ್ಸಂದೇಹವಾಗಿ. ಅದರ ಅರ್ಥ ‘ಗೊತ್ತಿಲ್ಲ’ ಎಂದಲ್ಲ, ‘ಇಲ್ಲಿ ಏನೂ ಇಲ್ಲ’ ಎಂದು. ಡೇಟಾಬೇಸಿನ ನಲ್ ತಾನು ಮುಟ್ಟಿದ ಲೆಕ್ಕವನ್ನೆಲ್ಲ ಮೌನವಾಗಿ ನಲ್ ಮಾಡುತ್ತ ಹೋಗುತ್ತದೆ. ಭಾಷೆಯ ನಲ್ ಅನ್ನು ಬಿಚ್ಚಿ ನೋಡಿದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಒಂದೇ ಹೆಸರಿನ ಈ ಎರಡು ಸಂಗತಿಗಳು ಸಂಧಿಸುವ ಗಡಿಯಲ್ಲಿ ಡ್ರೈವರ್ ಕುಳಿತಿದೆ, ಮತ್ತು ಅನಾಹುತದ ಬಹುಭಾಗ ಈ ಗಡಿಯಲ್ಲೇ ಶುರುವಾಗುತ್ತದೆ.

ಡ್ರೈವರ್‌ಗಳು ಈ ಗಡಿಯನ್ನು ದಾಟಿಸುವ ರೀತಿಯನ್ನು ಹೋಲಿಸಿ ನೋಡುವುದು ಉಪಯುಕ್ತ. ಜಾವಾದ ಜೆಡಿಬಿಸಿಯಲ್ಲಿ ಗೆಟ್‌ಇಂಟ್ ಎಂದು ಕೇಳಿದರೆ ನಲ್ ಇರುವ ಕಾಲಂಗೆ 0 ಬರುತ್ತದೆ, ಗೆಟ್‌ಬೂಲಿಯನ್‌ಗೆ ಸುಳ್ಳು ಬರುತ್ತದೆ. ಅದು ನಿಜವಾದ ಸೊನ್ನೆಯೋ ಅಲ್ಲವೋ ತಿಳಿಯಬೇಕಾದರೆ ಓದಿದ ತಕ್ಷಣ ವಾಸ್‌ನಲ್ ಎಂಬ ಇನ್ನೊಂದು ಕರೆ ಮಾಡಬೇಕು, ಮರೆತರೆ ಎಚ್ಚರಿಸುವವರಿಲ್ಲ. ಆರಂಭದಲ್ಲಿ ಹೇಳಿದ ಮಳೆಯ ಸರಾಸರಿ ಕೆಡುವುದಕ್ಕೆ ಇಷ್ಟು ಸಾಕು. ಡಾಟ್‌ನೆಟ್ ಇನ್ನೊಂದು ದಾರಿ ಹಿಡಿದು, ಭಾಷೆಯ ನಲ್‌ನಿಂದ ಬೇರೆಯಾದ ಡಿಬಿನಲ್ ಎಂಬ ವಸ್ತುವನ್ನೇ ಇಟ್ಟಿತು. ಅದನ್ನು ಪೂರ್ಣಾಂಕವಾಗಿ ಪರಿವರ್ತಿಸಲು ಹೋದರೆ ದೋಷ ಬರುತ್ತದೆ, ಇದು ಒಳ್ಳೆಯದು. ಪಠ್ಯವಾಗಿ ಪರಿವರ್ತಿಸಿದರೆ ಮಾತ್ರ ಖಾಲಿ ಪಠ್ಯವಾಗಿ ಕರಗಿಹೋಗುತ್ತದೆ. ಪೈಥಾನ್‌ನ ಡೇಟಾಬೇಸ್ ಒಡಂಬಡಿಕೆ ನಲ್ ಅನ್ನು ನನ್ ಎಂಬ ವಸ್ತುವಾಗಿ ಕೊಡುತ್ತದೆ, ಅದನ್ನು ಸಂಖ್ಯೆಯೊಂದಿಗೆ ಕೂಡಿಸಲು ಹೋದರೆ ಪ್ರೋಗ್ರಾಂ ನಿಲ್ಲುತ್ತದೆ. ಆದರೆ ಅದೇ ಫಲಿತಾಂಶವನ್ನು ಪಾಂಡಾಸ್ ಗ್ರಂಥಾಲಯಕ್ಕೆ ಒಪ್ಪಿಸಿದರೆ, ಒಂದೇ ಒಂದು ನಲ್ ಇದ್ದರೂ ಪೂರ್ಣಾಂಕಗಳ ಇಡೀ ಕಾಲಂ ರೂಢಿಯಂತೆ ದಶಮಾಂಶ ಸಂಖ್ಯೆಗಳಾಗುತ್ತದೆ: 560001 ಎಂಬ ಪಿನ್‌ಕೋಡ್ ಮುಂದೆ ಬಿಂದು ಮತ್ತು ಸೊನ್ನೆ ಬಂದು ಕೂರುತ್ತವೆ, 19 ಅಂಕಿಗಳ ಗುರುತಿನ ಸಂಖ್ಯೆಯ ಕೊನೆಯ ಅಂಕಿಗಳೇ ಬದಲಾಗಬಹುದು. 2020ರ 1.0 ಆವೃತ್ತಿಯಲ್ಲಿ ಪಾಂಡಾಸ್ ಇದಕ್ಕೆಂದೇ ಹೊಸ ಗುರುತನ್ನು ತಂದರೂ ಅದನ್ನು ಕೇಳಿ ಪಡೆಯಬೇಕು. ಗೋ ಭಾಷೆಯ ನಡವಳಿಕೆ ಎಲ್ಲಕ್ಕಿಂತ ಒರಟು. ನಲ್ ಇರುವ ಕಾಲಂ ಅನ್ನು ಸಾಧಾರಣ ಪಠ್ಯದ ವೇರಿಯಬಲ್‌ಗೆ ಓದಲು ಹೋದರೆ ಆಗದು ಎಂದು ದೋಷ ಕೊಡುತ್ತದೆ. ಮೌಲ್ಯ ಮತ್ತು ‘ಮೌಲ್ಯ ಇದೆಯೇ’ ಎಂಬ ಗುರುತು ಎರಡನ್ನೂ ಹೊತ್ತ ನಲ್‌ಸ್ಟ್ರಿಂಗ್‌ನಂಥ ರಚನೆಯನ್ನೋ ಪಾಯಿಂಟರನ್ನೋ ಬಳಸಬೇಕು. ಹೊಸಬರು ಇದನ್ನು ಶಪಿಸುತ್ತಾರೆ. ಆದರೂ ಈ ನಾಲ್ಕರಲ್ಲಿ ಅತ್ಯಂತ ಪ್ರಾಮಾಣಿಕವಾದುದು ಇದೇ ಎನ್ನಬೇಕು: ತನಗೆ ಅರ್ಥ ಗೊತ್ತಿಲ್ಲದ್ದನ್ನು ಅದು ಊಹಿಸುವುದಿಲ್ಲ, ಬರೆಯುವವರಿಂದ ತೀರ್ಮಾನ ಬೇಡುತ್ತದೆ.

ಊಹಿಸಿ ತುಂಬುವುದು ಕಂಪ್ಯೂಟರಿಗಿಂತ ಹಳೆಯ ಅಭ್ಯಾಸ. ಕರ್ನಾಟಕದಲ್ಲಿ ಒಂದು ತಲೆಮಾರಿನ ಎಷ್ಟೋ ಜನರ ಶಾಲಾ ದಾಖಲೆಯ ಜನ್ಮದಿನ ಜೂನ್ 1. ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಾಗ, ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೊಂದುವಂತೆ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ಶಾಲೆಗೆ ಸೇರಿಸುವ ಮಟ್ಟಿಗೆ ಅದು ವಿವೇಕದ ಕೆಲಸವೇ. ಆದರೆ ಆ ದಿನಾಂಕ ಪಿಂಚಣಿಯ, ವಿಮೆಯ, ಪಾಸ್‌ಪೋರ್ಟಿನ ಡೇಟಾಬೇಸುಗಳಿಗೆ ನಡೆದುಹೋದ ಮೇಲೆ, ನಿಜವಾಗಿ ಜೂನ್ 1ರಂದು ಹುಟ್ಟಿದವರನ್ನು ಉಳಿದವರಿಂದ ಬೇರ್ಪಡಿಸುವ ದಾರಿ ಉಳಿಯುವುದಿಲ್ಲ. ಆಧಾರ್ ನೋಂದಣಿಯಲ್ಲಿ ಜನ್ಮದಿನಾಂಕದ ಜೊತೆಗೇ ಅದು ದಾಖಲೆ ನೋಡಿ ಖಚಿತಪಡಿಸಿದ್ದೋ, ವ್ಯಕ್ತಿ ಹೇಳಿದ್ದೋ, ಅಂದಾಜೋ ಎಂದು ಗುರುತಿಸುವ ವ್ಯವಸ್ಥೆ ಇಟ್ಟದ್ದು ಈ ದೃಷ್ಟಿಯಿಂದ ಸರಿಯಾದ ವಿನ್ಯಾಸ. ಒಂದೇ ಹೆಸರಿನ, ಅಂದರೆ ಪಾಸ್‌ಪೋರ್ಟಿನಲ್ಲಿ ಹೆಸರಿನ ಒಂದು ಖಾನೆ ಖಾಲಿಯಿರುವ, ದಕ್ಷಿಣ ಭಾರತೀಯರಿಗೆ ಅಮೆರಿಕದ ವೀಸಾದಲ್ಲಿ ‘ಮೊದಲ ಹೆಸರು ಗೊತ್ತಿಲ್ಲ’ ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಅಚ್ಚಾಗುತ್ತದೆ. ಖಾನೆ ಖಾಲಿ ಬಿಡಬಾರದು ಎಂದು ಹಟ ಹಿಡಿದ ವ್ಯವಸ್ಥೆ, ಇಲ್ಲದ ಹೆಸರಿನ ಜಾಗಕ್ಕೆ ಒಂದು ಹೆಸರನ್ನೇ ಹುಟ್ಟಿಸುತ್ತದೆ, ಆಮೇಲೆ ಬ್ಯಾಂಕು ಮತ್ತು ಚಾಲನಾ ಪರವಾನಗಿಯ ಕಚೇರಿಗಳು ಅದನ್ನೇ ಹೆಸರೆಂದು ಓದುತ್ತವೆ. ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆಯಾದ ಬಿಂದು ಗಿನಿ ಕೊಲ್ಲಿಯ ನಡುನೀರಿನಲ್ಲಿದೆ. ಸ್ಥಳ ಸಿಗದ ದಾಖಲೆಗಳೆಲ್ಲ ನಕ್ಷೆಗಳಲ್ಲಿ ಅಲ್ಲಿಗೇ ಬಂದು ಬೀಳುವುದರಿಂದ ಭೂಪಟ ತಜ್ಞರು ಅದಕ್ಕೆ ನಲ್ ದ್ವೀಪ ಎಂದು ತಮಾಷೆಗೆ ಹೆಸರಿಟ್ಟಿದ್ದಾರೆ. ಭಾರತೀಯ ಹವಾಮಾನ ಇಲಾಖೆಯ ಚೌಕುಳಿ ಮಳೆ ದತ್ತಾಂಶದಲ್ಲಿ ಅಳತೆಯಿಲ್ಲದ ಜಾಗಕ್ಕೆ −999 ಎಂದಿರುತ್ತದೆ. ಇದು ಕೊನೆಪಕ್ಷ ಮಳೆಯ ಪ್ರಮಾಣವಾಗಲು ಸಾಧ್ಯವೇ ಇಲ್ಲದ ಸಂಖ್ಯೆ; ಆದರೂ ಸರಾಸರಿ ತೆಗೆಯುವ ಕೋಡ್‌ಗೆ ಅದು ಹೇಳಿ ಗೊತ್ತಾಗಬೇಕು.

ಕೋಡಿನಲ್ಲಿ ಈ ಅಭ್ಯಾಸ ಬರುವುದು ಸುಲಭವಾಗಿ ಟೈಪ್ ಮಾಡಬಹುದಾದ ರೂಪದಲ್ಲಿ. 1992ರ ಮಾನಕದಿಂದ ಎಸ್‌ಕ್ಯೂಎಲ್‌ನಲ್ಲಿರುವ ಕೋಅಲೆಸ್ ನಲ್ ಇದ್ದಲ್ಲಿ ಬದಲಿ ಮೌಲ್ಯ ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಬಹುಕಾಲ ‘ಅಥವಾ’ ಚಿಹ್ನೆಯನ್ನೇ ಇದಕ್ಕೆ ಬಳಸುತ್ತಿದ್ದರು, ಆದರೆ ಅದು 0 ಮತ್ತು ಖಾಲಿ ಪಠ್ಯವನ್ನೂ ಇಲ್ಲವೆಂದೇ ಎಣಿಸುತ್ತದೆ: ರಿಯಾಯಿತಿ ಸೊನ್ನೆ ಎಂದು ಸ್ಪಷ್ಟವಾಗಿ ನಮೂದಿಸಿದ ವ್ಯಾಪಾರಿಗೂ ರೂಢಿಯ ಶೇಕಡಾ 10 ಅನ್ವಯಿಸಿಬಿಡುತ್ತದೆ. 2020ರಲ್ಲಿ ಬಂದ ಜೋಡಿ ಪ್ರಶ್ನಾರ್ಥಕ ಚಿಹ್ನೆ ಈ ದೋಷ ಸರಿಪಡಿಸಿತು. ಆದರೆ ಚಿಹ್ನೆ ಸರಿಯಾದ ಮಾತ್ರಕ್ಕೆ ಬದಲಿ ಮೌಲ್ಯ ಸರಿಯಾಗುವುದಿಲ್ಲ. ಖರೀದಿಯಿಲ್ಲದ ಗ್ರಾಹಕರ ಮೊತ್ತ ನಲ್ ಬಂದಾಗ ಅದನ್ನು ಸೊನ್ನೆ ಮಾಡುವುದು ಗಣಿತವಾಗಿ ಸರಿ, ಏಕೆಂದರೆ ಏನನ್ನೂ ಕೂಡಿಸದ ಮೊತ್ತ ಸೊನ್ನೆಯೇ. ಬಾರದ ಮಳೆಯ ಅಳತೆಯನ್ನು ಸೊನ್ನೆ ಮಾಡುವುದು ಸುಳ್ಳು ಹೇಳುವುದು. ಬರೆಯುವ ಕೋಡ್ ಎರಡರಲ್ಲೂ ಅಕ್ಷರಶಃ ಒಂದೇ. ವ್ಯತ್ಯಾಸ ಇರುವುದು ಅರ್ಥದಲ್ಲಿ, ಹಾಗಾಗಿ ಯಾವ ಡ್ರೈವರೂ ಯಾವ ಚೌಕಟ್ಟೂ ಇದನ್ನು ನಮ್ಮ ಪರವಾಗಿ ತೀರ್ಮಾನಿಸಲಾರದು.

ಹಾಗಿದ್ದರೆ ನಲ್ ಅನ್ನೇ ಟೇಬಲ್ಲುಗಳಿಂದ ಹೊರಹಾಕಬಾರದೇಕೆ ಎಂಬುದು ಗಂಭೀರವಾದ ಆಕ್ಷೇಪ. ಡೇಟಾಬೇಸ್ ತಜ್ಞರಾದ ಕ್ರಿಸ್ ಡೇಟ್ ಮತ್ತು ಹ್ಯೂ ಡಾರ್ವೆನ್ ದಶಕಗಳಿಂದ ಇದನ್ನು ವಾದಿಸುತ್ತ ಬಂದಿದ್ದಾರೆ. ಅವರು ರೂಪಿಸಿದ ಟ್ಯುಟೋರಿಯಲ್ ಡಿ ಭಾಷೆಯಲ್ಲಿ ನಲ್‌ಗೆ ಜಾಗವಿಲ್ಲ. ಇರಬಹುದಾದ, ಇಲ್ಲದಿರಬಹುದಾದ ಪ್ರತಿಯೊಂದು ಗುಣವನ್ನೂ ಬೇರೆ ಟೇಬಲ್ಲಿಗೆ ಒಯ್ದರೆ, ಇದ್ದಾಗ ಸಾಲು ಇರುತ್ತದೆ, ಇಲ್ಲದಾಗ ಸಾಲೇ ಇರುವುದಿಲ್ಲ. ಮೂರು ಬೆಲೆಗಳ ತರ್ಕದ ಬಗ್ಗೆ ಅವರು ಎತ್ತಿ ತೋರಿಸಿದ ದೋಷಗಳು ಬಹುಮಟ್ಟಿಗೆ ನಿಜ, ಮತ್ತು ‘ಇಲ್ಲದಿರುವುದಕ್ಕೆ’ ವ್ಯವಹಾರದಲ್ಲಿ ಸ್ವಂತ ಅರ್ಥವಿರುವಾಗ ಬೇರೆ ಟೇಬಲ್ ಮಾಡುವುದೇ ಉತ್ತಮ: ಮುಚ್ಚಿದ ದಿನಾಂಕ, ಕಾರಣ, ಅಧಿಕಾರಿ ಎಂಬ ಮೂರು ಖಾಲಿ ಕಾಲಂಗಳಿಗಿಂತ ‘ಮುಚ್ಚಿದ ಖಾತೆಗಳು’ ಎಂಬ ಟೇಬಲ್ ಹೆಚ್ಚು ಹೇಳುತ್ತದೆ. ಆದರೆ ಪರದೆಯ ಮೇಲೆ ಗ್ರಾಹಕರ ಪೂರ್ಣ ವಿವರ ತೋರಿಸಬೇಕಾದಾಗ ಆ ಟೇಬಲ್ಲುಗಳನ್ನು ಮತ್ತೆ ಜೋಡಿಸಬೇಕು. ಲೆಫ್ಟ್ ಜಾಯಿನ್ ಮಾಡಿದ ಕ್ಷಣ, ಎಲ್ಲ ಕಾಲಂಗಳೂ ನಾಟ್ ನಲ್ ಆಗಿದ್ದರೂ, ಜೋಡಿ ಸಿಗದ ಸಾಲುಗಳಲ್ಲಿ ನಲ್ ಮರಳಿ ಹುಟ್ಟುತ್ತದೆ. ಅಂದರೆ ಈ ಮದ್ದು ದಾಸ್ತಾನಿನಲ್ಲಿರುವ ನಲ್ ಅನ್ನು ತೆಗೆಯುತ್ತದೆಯೇ ಹೊರತು ಅಪ್ಲಿಕೇಶನ್ ಕೈಗೆ ಬರುವುದನ್ನಲ್ಲ. ಇದಕ್ಕಿಂತ ಮೆತ್ತಗಿನ ಇನ್ನೊಂದು ಸಲಹೆಯನ್ನು ಪೂರ್ತಿ ಒಪ್ಪಬಹುದು: ಯಾವುದೇ ಕಾಲಂ ಹುಟ್ಟುವಾಗ ನಾಟ್ ನಲ್ ಆಗಿಯೇ ಹುಟ್ಟಲಿ, ಖಾಲಿ ಬಿಡಲು ಕಾರಣ ಕೊಟ್ಟವರಿಗಷ್ಟೇ ವಿನಾಯಿತಿ ಇರಲಿ. ನಲ್‌ಗೆ ಹೆದರಿ ಎಲ್ಲ ಕಾಲಂಗಳಿಗೂ ನಾಟ್ ನಲ್ ಹಾಕಿ, ಜೊತೆಗೆ ಸೊನ್ನೆಯನ್ನೋ 1900ರ ಜನವರಿ 1 ಅನ್ನೋ ಪೂರ್ವನಿಗದಿ ಮಾಡುವುದು ಮಾತ್ರ ಈ ಸಲಹೆಯ ಅಣಕ.

ಅಪ್ಲಿಕೇಶನ್ ಕಡೆ ಈಗ ಇರುವ ಅತ್ಯುತ್ತಮ ಸಾಧನ ಟೈಪ್ ವ್ಯವಸ್ಥೆ. ಹ್ಯಾಸ್ಕೆಲ್‌ನ ಮೇಬಿ, ರಸ್ಟ್‌ನ ಆಪ್ಷನ್, 2014ರ ಜಾವಾ 8ರ ಆಪ್ಷನಲ್, ಅದೇ ವರ್ಷ ಬಂದ ಸ್ವಿಫ್ಟ್ ಮತ್ತು 2016ರಲ್ಲಿ 1.0 ತಲುಪಿದ ಕಾಟ್ಲಿನ್‌ಗಳ ಪ್ರಶ್ನಾರ್ಥಕ ಚಿಹ್ನೆ, 2019ರಲ್ಲಿ ಸಿ ಶಾರ್ಪ್ 8ಕ್ಕೆ ಬಂದ ಎಚ್ಚರಿಕೆಗಳು, ಇವೆಲ್ಲ ಹೇಳುವುದು ಒಂದೇ ಮಾತು: ‘ಮಳೆಯ ಪ್ರಮಾಣ’ ಬೇರೆ, ‘ಇದ್ದರೂ ಇರಬಹುದಾದ ಮಳೆಯ ಪ್ರಮಾಣ’ ಬೇರೆ. ಎರಡನೆಯದನ್ನು ಮೊದಲನೆಯದರಂತೆ ಬಳಸಿದರೆ ಕಂಪೈಲರ್ ತಡೆಯುತ್ತದೆ ಅಥವಾ ಎಚ್ಚರಿಸುತ್ತದೆ. ಆದರೆ ಈ ಕಾವಲು ಗಡಿಯಲ್ಲಿ ಸಡಿಲ. ಡೇಟಾಬೇಸಿನ ಸ್ಕೀಮಾ ಏನು ಹೇಳುತ್ತದೆ ಎಂಬುದು ಕಂಪೈಲರ್‌ಗೆ ತಾನಾಗಿ ತಿಳಿಯದು. ಕಾಟ್ಲಿನ್‌ನಲ್ಲಿ ನಲ್ ಆಗಬಾರದೆಂದು ಘೋಷಿಸಿದ ಗುಣಕ್ಕೂ ಹೈಬರ್ನೇಟ್‌ನಂಥ ಸಾಧನ ರಿಫ್ಲೆಕ್ಷನ್ ಮೂಲಕ ನಲ್ ತುಂಬಬಲ್ಲದು. ಕಂಪೈಲರ್ ಕೊಟ್ಟ ಭರವಸೆ ಅಲ್ಲಿಗೆ ಮುಗಿಯಿತು, ದೋಷ ಕಾಣಿಸಿಕೊಳ್ಳುವುದು ಇನ್ನೆಲ್ಲೋ. ರಸ್ಟ್‌ನ ಎಸ್‌ಕ್ಯೂಎಲ್‌ಎಕ್ಸ್ ಕಂಪೈಲ್ ಹೊತ್ತಿನಲ್ಲೇ ಡೇಟಾಬೇಸನ್ನು ಕೇಳಿ ಯಾವ ಕಾಲಂ ನಲ್ ಆಗಬಹುದೆಂದು ತಿಳಿದುಕೊಳ್ಳುತ್ತದೆ. ಈ ದಿಕ್ಕು ಸರಿಯಾದದ್ದೇ, ಆದರೆ ಜಾಯಿನ್‌ಗಳು ಜಟಿಲವಾದಾಗ ಅದಕ್ಕೂ ಮನುಷ್ಯರು ಕೈಯಾರೆ ಗುರುತು ಹಾಕಿಕೊಡಬೇಕಾಗುತ್ತದೆ.

ಇದೆಲ್ಲ ಅತಿ ಮಡಿವಂತಿಕೆ, ಬೇಸತ್ತ ಪ್ರೋಗ್ರಾಮರುಗಳು ಕೊನೆಗೆ ಎರಡು ಆಶ್ಚರ್ಯಸೂಚಕ ಹಾಕಿ ‘ಖಂಡಿತ ಇದೆ, ಬಿಚ್ಚು’ ಎಂದು ಕಂಪೈಲರ್‌ನ ಬಾಯಿ ಮುಚ್ಚಿಸುತ್ತಾರೆ ಎಂಬ ಆಕ್ಷೇಪವೂ ಇದೆ. ಆಗುವುದು ನಿಜ. ಆದರೆ ಹಾಗಾಗುವುದು ‘ಇದ್ದರೂ ಇರಬಹುದು’ ಎಂಬ ಸ್ಥಿತಿಯನ್ನು ಕೋಡಿನ ಹತ್ತು ಪದರಗಳವರೆಗೂ ಹೊತ್ತುಕೊಂಡು ಹೋದಾಗ. ಸಾಲನ್ನು ಓದುವ ಜಾಗದಲ್ಲೇ ತೀರ್ಮಾನವಾದರೆ ಒಳಗಿನ ಕೋಡಿಗೆ ನಲ್‌ನ ಸುದ್ದಿಯೇ ಬೇಡ. ದೂರವಾಣಿ ಸಂಖ್ಯೆ ಇಲ್ಲದ ಗ್ರಾಹಕರಿಗೆ ಸಂದೇಶ ಕಳಿಸುವ ಪ್ರಶ್ನೆಯಿಲ್ಲ. ಆದ್ದರಿಂದ ಸಂದೇಶ ಕಳಿಸುವ ಫಂಕ್ಷನ್ ಗ್ರಾಹಕರನ್ನು ತೆಗೆದುಕೊಳ್ಳದೆ ಸಂಖ್ಯೆಯನ್ನೇ ತೆಗೆದುಕೊಳ್ಳಲಿ. ಮಳೆಯ ಅಳತೆಗೆ ‘ಅಳೆದದ್ದು’, ‘ಮಾಪಕ ಕೆಟ್ಟಿತ್ತು’, ‘ವರದಿ ಇನ್ನೂ ಬಂದಿಲ್ಲ’ ಎಂಬ ಮೂರು ಸ್ಥಿತಿಗಳ ಟೈಪ್ ಮಾಡಿದರೆ, ಒಂದೇ ನಲ್ ಮುಚ್ಚಿಟ್ಟಿದ್ದ ಅರ್ಥಗಳು ಮೂರು ಹೆಸರಾಗಿ ಹೊರಬರುತ್ತವೆ. ಇರಲೇಬೇಕಾದ ಕಾಲಂನಲ್ಲಿ ನಲ್ ಬಂದರೆ ಓದುವ ಜಾಗದಲ್ಲೇ, ಟೇಬಲ್ ಮತ್ತು ಕಾಲಂ ಹೆಸರಿನ ಸಮೇತ ದೋಷ ಎಸೆಯುವುದು ಒಳಿತು. ಬಳಕೆದಾರರ ಮುಂದೆ ಪ್ರೋಗ್ರಾಂ ಬೀಳಬಾರದು ಎಂಬ ಕಾಳಜಿ ಒಪ್ಪತಕ್ಕದ್ದೇ, ಆದರೆ ಅದಕ್ಕೆ ಉತ್ತರ ಆ ಒಂದು ಸಾಲನ್ನು ಪಕ್ಕಕ್ಕಿಟ್ಟು ಲಾಗ್‌ನಲ್ಲಿ ಬರೆಯುವುದು; ಸೊನ್ನೆ ತುಂಬುವುದಲ್ಲ.

ಮರಳಿ ಬರೆಯುವ ದಾರಿಯನ್ನು ಪಠ್ಯಪುಸ್ತಕಗಳು ಹೆಚ್ಚಾಗಿ ಮರೆಯುತ್ತವೆ. ಮೊಬೈಲ್ ಆ್ಯಪ್ ಕಳಿಸಿದ ಜೇಸನ್‌ನಲ್ಲಿ ‘ವಿಳಾಸ’ ಎಂಬ ಕೀಲಿ ಇಲ್ಲದಿರುವುದಕ್ಕೂ, ಕೀಲಿ ಇದ್ದು ಅದರೆದುರು ನಲ್ ಇರುವುದಕ್ಕೂ ವ್ಯತ್ಯಾಸವಿದೆ. 2014ರ ಜೇಸನ್ ಮರ್ಜ್ ಪ್ಯಾಚ್ ಮಾನಕದ ಪ್ರಕಾರ ಮೊದಲನೆಯದು ‘ಮುಟ್ಟಬೇಡ’, ಎರಡನೆಯದು ‘ಅಳಿಸು’. ಎರಡನ್ನೂ ಭಾಷೆಯ ಒಂದೇ ನಲ್ ಆಗಿಸುವ ಕೋಡ್, ಫೋನ್ ನಂಬರ್ ಬದಲಿಸಲು ಬಂದವರ ವಿಳಾಸವನ್ನು ಅಳಿಸಿಬಿಡುತ್ತದೆ. ಸಿಎಸ್‌ವಿ ಕಡತಕ್ಕೆ ಇಳಿಸಿದಾಗ ನಲ್ ಮತ್ತು ಖಾಲಿ ಪಠ್ಯದ ಅಂತರ ಸಾಮಾನ್ಯವಾಗಿ ಅಳಿದುಹೋಗುತ್ತದೆ. ಪೋಸ್ಟ್‌ಗ್ರೆಸ್ ಮಾತ್ರ ಉದ್ಧರಣ ಚಿಹ್ನೆಯಿಲ್ಲದ ಖಾಲಿಯನ್ನು ನಲ್ ಎಂದೂ ಚಿಹ್ನೆಯೊಳಗಿನ ಖಾಲಿಯನ್ನು ಪಠ್ಯವೆಂದೂ ಓದುತ್ತದೆ. ಇನ್ನೂ ಕೆಟ್ಟದ್ದು ನಲ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನೇ ಪಠ್ಯವಾಗಿ ಬರೆಯುವುದು. ಕ್ಯಾಲಿಫೋರ್ನಿಯಾದ ಭದ್ರತಾ ಸಂಶೋಧಕರೊಬ್ಬರು ಆ ಅಕ್ಷರಗಳ ನಂಬರ್ ಪ್ಲೇಟ್ ಪಡೆದದ್ದರಿಂದ, ಪ್ಲೇಟ್ ಸಂಖ್ಯೆ ನಮೂದಾಗದ ವಾಹನಗಳ ದಂಡದ ಚೀಟಿಗಳೆಲ್ಲ ಅವರ ಹೆಸರಿಗೆ ಬರತೊಡಗಿ ಮೊತ್ತ ಸುಮಾರು 12,000 ಡಾಲರ್ ಮುಟ್ಟಿತೆಂದು 2019ರ ಡೆಫ್‌ಕಾನ್ ಸಮ್ಮೇಳನದಲ್ಲಿ ಅವರೇ ವಿವರಿಸಿದರು.

ಅಪ್ಲಿಕೇಶನ್ ಕಳಿಸುವ ಕ್ವೆರಿಗಳಲ್ಲೂ ಗಡಿಯ ಎರಡು ತರ್ಕಗಳು ಡಿಕ್ಕಿ ಹೊಡೆಯುತ್ತವೆ. ‘ಜಿಲ್ಲೆ ಸಮ ಪ್ರಶ್ನಾರ್ಥಕ’ ಎಂಬ ಕ್ವೆರಿಗೆ ನಲ್ ಅನ್ನು ಪ್ಯಾರಾಮೀಟರಾಗಿ ಕೊಟ್ಟರೆ ಜಿಲ್ಲೆಯಿಲ್ಲದ ಸಾಲುಗಳು ಬರುವುದಿಲ್ಲ, ಏನೂ ಬರುವುದಿಲ್ಲ. ಎಸ್‌ಕ್ಯೂಎಲ್‌ಆಲ್ಕೆಮಿ, ಎಂಟಿಟಿ ಫ್ರೇಮ್‌ವರ್ಕ್‌ನಂಥ ಸಾಧನಗಳು ನನ್ ಅಥವಾ ನಲ್ ಜೊತೆಗಿನ ಹೋಲಿಕೆಯನ್ನು ಈಸ್ ನಲ್ ಆಗಿ ತಿದ್ದುತ್ತವೆ. ಕೈಯಲ್ಲಿ ಬರೆದ ಕ್ವೆರಿಗೆ ಆ ರಕ್ಷಣೆಯಿಲ್ಲ. ಇದರ ಸೂಕ್ಷ್ಮ ರೂಪ ಏಕಕಾಲದ ತಿದ್ದುಪಡಿಗಳನ್ನು ತಡೆಯುವಾಗ ಕಾಣುತ್ತದೆ: ಹಳೆಯ ಮೌಲ್ಯ ಬದಲಾಗಿಲ್ಲದಿದ್ದರೆ ಮಾತ್ರ ಹೊಸದನ್ನು ಬರೆ ಎಂಬ ಅಪ್‌ಡೇಟ್, ಹಳೆಯ ಮೌಲ್ಯ ನಲ್ ಆಗಿದ್ದಾಗ ಯಾವ ಸಾಲನ್ನೂ ಮುಟ್ಟುವುದಿಲ್ಲ, ಯಾರೋ ನಡುವೆ ಬದಲಿಸಿದ್ದಾರೆ ಎಂದು ಅಪ್ಲಿಕೇಶನ್ ತಪ್ಪು ತಿಳಿಯುತ್ತದೆ. 1999ರ ಮಾನಕದ ಈಸ್ ಡಿಸ್ಟಿಂಕ್ಟ್ ಫ್ರಂ, ಮೈಎಸ್‌ಕ್ಯೂಎಲ್‌ನಲ್ಲಿ ಸಮಚಿಹ್ನೆಯ ಎರಡೂ ಬದಿಗೆ ಬಾಣವಿರುವ ಹೋಲಿಕೆ ಇಂಥಲ್ಲಿಗೇ ಇವೆ. ನಾಟ್ ಇನ್ ಬದಲು ನಾಟ್ ಎಕ್ಸಿಸ್ಟ್ಸ್ ಬಳಸುವ ರೂಢಿಯೂ ಇದೇ ಕಾರಣಕ್ಕೆ.

ಈಗಾಗಲೇ ನಲ್ ತುಂಬಿರುವ ಕಾಲಂ ಒಂದನ್ನು ನಾಟ್ ನಲ್ ಮಾಡಬೇಕಾದಾಗ ಕ್ರಮ ಮುಖ್ಯ. ಹಳೆಯ ಆವೃತ್ತಿಯ ಅಪ್ಲಿಕೇಶನ್ ಇನ್ನೂ ಓಡುತ್ತ ನಲ್ ಬರೆಯುತ್ತಿರುವಾಗ ನಿರ್ಬಂಧ ಹಾಕಿದರೆ ಅದರ ಬರಹಗಳೆಲ್ಲ ವಿಫಲವಾಗುತ್ತವೆ. ಮೊದಲು ಎಲ್ಲ ಕೋಡೂ ಮೌಲ್ಯ ಬರೆಯುವಂತಾಗಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಹಳೆಯ ಸಾಲುಗಳನ್ನು ಸದ್ಯಕ್ಕೆ ಪರೀಕ್ಷಿಸದ ಚೆಕ್ ನಿರ್ಬಂಧವನ್ನು ಹಾಕಿ, ಸಾಲುಗಳನ್ನು ತುಂಬಿ, ಆಮೇಲೆ ಅದನ್ನು ದೃಢೀಕರಿಸಬಹುದು. 12ನೇ ಆವೃತ್ತಿಯಿಂದ ಈ ದೃಢೀಕೃತ ಚೆಕ್ ಇದ್ದರೆ ಇಡೀ ಟೇಬಲ್ಲನ್ನು ಮತ್ತೆ ಓದದೆ ನಾಟ್ ನಲ್ ಒಪ್ಪಿಕೊಳ್ಳುತ್ತದೆ. ಹಳೆಯ ಸಾಲುಗಳ ನಿಜವಾದ ಮೌಲ್ಯ ಸಿಗುವಂತಿಲ್ಲವಾದರೆ ತುಂಬುವುದನ್ನೇ ಬಿಡಬೇಕು. ಆಗ ಕಾಲಂ ಅನ್ನು ಹಾಗೇ ಇಟ್ಟು, ‘ಸಾಲು ಸೃಷ್ಟಿಯಾದ ದಿನ ಇಂಥ ದಿನಕ್ಕಿಂತ ಹಿಂದಿನದು, ಅಥವಾ ಈ ಕಾಲಂ ನಲ್ ಅಲ್ಲ’ ಎಂದು ಚೆಕ್ ಬರೆದರೆ ಹೊಸ ಸಾಲುಗಳಿಗೆ ಮಾತ್ರ ಕಡ್ಡಾಯವಾಗುತ್ತದೆ. ಸೃಷ್ಟಿಯ ದಿನಾಂಕದ ಕಾಲಂ ಮಾತ್ರ ನಾಟ್ ನಲ್ ಆಗಿರಲೇಬೇಕು. ಅದೂ ನಲ್ ಆದರೆ ಅಜ್ಞಾತ ಅಥವಾ ಸುಳ್ಳು ಸೇರಿ ಅಜ್ಞಾತವಾಗುತ್ತದೆ, ಮತ್ತು ಚೆಕ್ ಅದನ್ನು ಒಳಗೆ ಬಿಡುತ್ತದೆ.